ಸಣ್ಣ ಬೆಂಕಿ ಎಂಬುದು ಆರಿದ ಮೇಲಿನ ಮಾತು

ಮಹಾನಗರದ ಯಾವುದಾದರೂ ಅಗ್ನಿಶಾಮಕ ಠಾಣೆಗೆ ಒಂದು ದಿನದಲ್ಲಿ ಬರುವ ಕರೆಗಳನ್ನು ಕಲ್ಪಿಸಿಕೊಳ್ಳಿ. ಮೀಟರ್ ಪೆಟ್ಟಿಗೆಯಲ್ಲಿ ಕಿಡಿ ಹಾರುತ್ತಿದೆ. ಅಡುಗೆಮನೆಯಲ್ಲಿ ಬಾಣಲೆಯ ಎಣ್ಣೆ ಹೊತ್ತಿಕೊಂಡಿದೆ. ಕಸದ ರಾಶಿಗೆ ಯಾರೋ ಬೆಂಕಿ ಹಚ್ಚಿದ್ದಾರೆ. ಲಿಫ್ಟಿನಲ್ಲಿ ಮೂವರು ಸಿಕ್ಕಿಕೊಂಡಿದ್ದಾರೆ. ಗಾಳಿಪಟದ ದಾರಕ್ಕೆ ಸಿಕ್ಕಿ ಪಾರಿವಾಳ ಒದ್ದಾಡುತ್ತಿದೆ. ಬಾಗಿಲು ಹಾಕಿದ ಅಂಗಡಿಯ ಸಂದಿಯಿಂದ ಹೊಗೆ ಬರುತ್ತಿದೆ. ಇದರಲ್ಲಿ ಅಪಾಯದ್ದು ಯಾವುದು ಎಂದು ಕೇಳಿದರೆ ನಾವು ಯಾವುದಕ್ಕೂ ಬೆರಳು ತೋರಿಸಲಾರೆವು. ಎಲ್ಲವೂ ಮಾಮೂಲಿ. ಟಿವಿಯಲ್ಲಿ ಬರುವಷ್ಟು ದೊಡ್ಡದು ಒಂದೂ ಇಲ್ಲ.

ಆದರೆ ನಮ್ಮ ನಗರಗಳಲ್ಲಿ ಅಗ್ನಿಶಾಮಕ ಸಿಬ್ಬಂದಿ ಜೀವ ಕಳೆದುಕೊಂಡ ಘಟನೆಗಳನ್ನು ಒಂದೊಂದಾಗಿ ನೋಡುತ್ತಾ ಹೋದರೆ ಅವುಗಳಲ್ಲಿ ಹಲವು ಇಂಥ ಮಾಮೂಲಿ ಕರೆಗಳಾಗಿಯೇ ಶುರುವಾಗಿದ್ದು ಕಾಣುತ್ತದೆ. ಕಣ್ಣಿಗೆ ಕಾಣುತ್ತಿದ್ದ ಬೆಂಕಿಗಿಂತ ಕಾಣದ ಇನ್ನೊಂದು ವಸ್ತು ಅವರ ಜೀವ ತೆಗೆದಿದೆ. ಆ ವಸ್ತು ಅಲ್ಲಿದೆ ಎಂದು ಯಾರೋ ಒಬ್ಬರಿಗೆ ಗೊತ್ತಿರುತ್ತದೆ. ಒಳಗೆ ಹೋದವನಿಗೆ ಮಾತ್ರ ಗೊತ್ತಿರುವುದಿಲ್ಲ.

ನನ್ನ ಕೆಲಸ ಐಟಿ ಕಂಪನಿಯೊಂದರಲ್ಲಿ ಸರ್ವರ್‌ಗಳ ಮೇಲೆ ನಿಗಾ ಇಡುವ ತಂಡದಲ್ಲಿ. ರಾತ್ರಿ ಪಾಳಿಯಲ್ಲಿ ಅಲರ್ಟ್ ಮೇಲೆ ಅಲರ್ಟ್ ಬರುತ್ತದೆ, ಹೆಚ್ಚಿನವು ಹುಸಿ. ನೂರು ಸಲ ಹುಸಿಯಾದ ಮೇಲೆ ನೂರಾ ಒಂದನೆಯದನ್ನು ಕಣ್ಣು ತಿಕ್ಕಿಕೊಂಡು ನಿಜವಾಗಿ ನೋಡುವುದು ಎಷ್ಟು ಕಷ್ಟ ಎಂದು ಈ ವೃತ್ತಿಯಲ್ಲಿರುವ ಯಾರಿಗೂ ಹೇಳಬೇಕಾಗಿಲ್ಲ. ನಮ್ಮಲ್ಲಿ ಒಂದು ಅಲರ್ಟ್ ಕಣ್ತಪ್ಪಿದರೆ ಯಾವುದೋ ವೆಬ್‌ಸೈಟ್ ಅರ್ಧ ಗಂಟೆ ನಿಲ್ಲುತ್ತದೆ. ಅಗ್ನಿಶಾಮಕ ದಳದಲ್ಲಿ ಕಣ್ತಪ್ಪಿದರೆ ಒಬ್ಬ ಮನುಷ್ಯ ಮನೆಗೆ ವಾಪಸ್ ಹೋಗುವುದಿಲ್ಲ. ಈ ವ್ಯತ್ಯಾಸವೇ ನನ್ನನ್ನು ಈ ವಿಷಯದ ಕಡೆ ಎಳೆದದ್ದು.

ಥಾಣೆಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಏಪ್ರಿಲ್‌ನ ಅಗ್ನಿಶಾಮಕ ಸಪ್ತಾಹದ ಹೊತ್ತಿಗೆ ಅಣಕು ಕಾರ್ಯಾಚರಣೆ ನಡೆಯಿತು. ಬಂದ ತಂಡದಲ್ಲಿ ನಿಪ್ಪಾಣಿ ಕಡೆಯ ಹಿರಿಯರೊಬ್ಬರಿದ್ದರು. ನಾನು ಕನ್ನಡದವನೆಂದು ತಿಳಿದ ಮೇಲೆ ಮಾತು ಸಲೀಸಾಯಿತು. "ಸಣ್ಣಪುಟ್ಟ ಬೆಂಕಿಗೂ ನೀವು ಇಷ್ಟೆಲ್ಲಾ ತಯಾರಿ ಮಾಡಿಕೊಂಡೇ ಹೋಗ್ತೀರಾ?" ಎಂದು ಕೇಳಿದೆ. "ಸಣ್ಣ ಬೆಂಕಿ ಅನ್ನೋದು ಆರಿಸಿ ಬಂದ ಮ್ಯಾಲ ಹೇಳೋ ಮಾತರಿ ಸರ. ಹೋಗೋ ಮುಂದ ಎಲ್ಲಾ ಬೆಂಕಿನೂ ಒಂದ" ಎಂದರು. ಆ ಮಾತಿನ ತೂಕ ಏನೆಂದು ತಿಳಿಯಲು ನಮ್ಮಂಥವರು ಬದುಕುತ್ತಿರುವ ಊರುಗಳ ಮೂರು ಘಟನೆಗಳು ಸಾಕು.

ಚೆನ್ನೈ: ಮುಚ್ಚಿದ ಶಟರಿನ ಹಿಂದೆ

2017ರ ಜುಲೈ ತಿಂಗಳ ಒಂದು ರಾತ್ರಿ. ಉತ್ತರ ಚೆನ್ನೈನ ಕೊಡುಂಗೈಯೂರಿನಲ್ಲಿ ಬಾಗಿಲು ಹಾಕಿದ ಬೇಕರಿಯೊಂದರಲ್ಲಿ ಬೆಂಕಿ. ಅಕ್ಕಪಕ್ಕದ ಜನ ಸೇರಿದರು, ಅಗ್ನಿಶಾಮಕ ದಳ ಬಂತು. ಚಿಕ್ಕ ಅಂಗಡಿ, ಒಂದು ಶಟರ್. ಬೆಂಕಿ ಆರಿಸುವ ಕೆಲಸ ನಡೆಯುತ್ತಿದ್ದಾಗ ಒಳಗಿದ್ದ ಗ್ಯಾಸ್ ಸಿಲಿಂಡರ್ ಸಿಡಿಯಿತು. ಒಬ್ಬ ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಬಿಟ್ಟರು. ನೋಡಲು ನಿಂತಿದ್ದವರೂ ಸೇರಿ ನಲವತ್ತಕ್ಕೂ ಹೆಚ್ಚು ಜನ ಸುಟ್ಟ ಗಾಯಗಳಾಗಿ ಆಸ್ಪತ್ರೆ ಸೇರಿದರು. ಅವರಲ್ಲೂ ಕೆಲವರು ಮುಂದಿನ ದಿನಗಳಲ್ಲಿ ತೀರಿಕೊಂಡರು.

ಮುಚ್ಚಿದ ಶಟರಿನ ಹಿಂದೆ ಎರಡು ಬಗೆಯ ಅಪಾಯ ಕಾದಿರುತ್ತವೆ. ಮೊದಲನೆಯದು ಸಿಲಿಂಡರ್. ಮನೆ ಬಳಕೆಯದ್ದರಲ್ಲಿ 14.2 ಕಿಲೋ, ಹೋಟೆಲು ಬೇಕರಿಗಳದ್ದರಲ್ಲಿ 19 ಕಿಲೋ ಎಲ್‌ಪಿಜಿ ದ್ರವರೂಪದಲ್ಲಿರುತ್ತದೆ. ಹೊರಗಿನಿಂದ ಬೆಂಕಿ ತಗುಲಿದಾಗ ಒಳಗಿನ ದ್ರವ ಕುದಿಯುತ್ತದೆ, ಒತ್ತಡ ಏರುತ್ತದೆ. ದ್ರವವಿರುವ ಭಾಗದ ಉಕ್ಕನ್ನು ಆ ದ್ರವವೇ ಸ್ವಲ್ಪ ತಂಪಾಗಿಡುತ್ತದೆ. ಅದರ ಮೇಲಿನ ಖಾಲಿ ಭಾಗದ ಉಕ್ಕಿಗೆ ಆ ರಕ್ಷಣೆ ಇಲ್ಲ. ಅದು ಕಾದು ಮೆತ್ತಗಾಗಿ ಹರಿದರೆ ಇಡೀ ದ್ರವ ಒಂದೇ ಕ್ಷಣದಲ್ಲಿ ಅನಿಲವಾಗಿ ನೂರಾರು ಪಟ್ಟು ಹಿಗ್ಗುತ್ತದೆ, ಬೆಂಕಿಯ ಉಂಡೆಯಾಗುತ್ತದೆ. ಇದಕ್ಕೆ ಎಚ್ಚರಿಕೆಯ ಗಂಟೆ ಇಲ್ಲ.

ಎರಡನೆಯದು ಗಾಳಿ. ಮುಚ್ಚಿದ ಕೋಣೆಯಲ್ಲಿ ಉರಿ ಆಮ್ಲಜನಕವನ್ನೆಲ್ಲ ತಿಂದು ಕುಗ್ಗುತ್ತದೆ. ಜ್ವಾಲೆ ಕಾಣದೆ ಹೋಗಬಹುದು. ಆದರೆ ಶಾಖ ಹಾಗೇ ಇರುತ್ತದೆ, ಅರೆಬರೆ ಸುಟ್ಟ ಅನಿಲ ಕೋಣೆ ತುಂಬಿರುತ್ತದೆ. ನಮ್ಮ ಹಿರಿಯರ ಬೂದಿ ಮುಚ್ಚಿದ ಕೆಂಡ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ಯಾರಾದರೂ ಬಾಗಿಲು ತೆರೆದರೆ ನುಗ್ಗುವ ಗಾಳಿ ಅದಕ್ಕೆ ಜೀವ ಕೊಡುತ್ತದೆ, ಇಡೀ ಕೋಣೆ ಸ್ಫೋಟದಂತೆ ಹೊರಗೆ ಉಗುಳುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಬ್ಯಾಕ್‌ಡ್ರಾಫ್ಟ್ ಎನ್ನುತ್ತಾರೆ. ಇದರ ಲಕ್ಷಣಗಳನ್ನು ಅನುಭವಿಗಳು ಗುರುತಿಸಬಲ್ಲರು. ಜ್ವಾಲೆಯಿಲ್ಲದೆ ದಟ್ಟ ಹೊಗೆ, ಕಪ್ಪುಗಟ್ಟಿದ ಕಿಟಕಿ ಗಾಜು, ಮುಟ್ಟಲಾಗದಷ್ಟು ಕಾದ ಬಾಗಿಲು, ಸಂದಿಯಿಂದ ಹೊರಬಂದ ಹೊಗೆ ಮತ್ತೆ ಒಳಗೆ ಎಳೆದುಕೊಳ್ಳುವುದು. ಕಟ್ಟಡ ಉಸಿರಾಡುತ್ತಿರುವಂತೆ ಕಾಣುತ್ತದೆಯಂತೆ. ಆದ್ದರಿಂದಲೇ ಪರಿಣತರು ಬಾಗಿಲಿಗೆ ಎದುರಾಗಿ ನಿಲ್ಲುವುದಿಲ್ಲ, ಪಕ್ಕಕ್ಕೆ ಸರಿದು ತಗ್ಗಿ ಕೂರುತ್ತಾರೆ. ಸಾಧ್ಯವಿದ್ದರೆ ಮೊದಲು ಮೇಲಿನಿಂದ ಹೊಗೆಗೆ ದಾರಿ ಮಾಡಿಕೊಡುತ್ತಾರೆ.

ಇಷ್ಟೆಲ್ಲ ಯೋಚಿಸಲು ಒಂದೆರಡು ನಿಮಿಷ ಬೇಕು. ಸುತ್ತ ನಿಂತ ಜನಕ್ಕೆ ಮಾತ್ರ ಆ ನಿಮಿಷ ಸಹಿಸುವುದಿಲ್ಲ. "ಬೇಗ ಒಡೀರಿ, ಏನು ನೋಡ್ತಾ ನಿಂತಿದ್ದೀರಿ" ಎಂದು ಕೂಗುವವರು ಪ್ರತಿ ಊರಲ್ಲೂ ಇರುತ್ತಾರೆ.

ಮುಂಬೈ: ಕಟ್ಟಡವೇ ಶತ್ರುವಾದಾಗ

2015ರ ಮೇ 9, ದಕ್ಷಿಣ ಮುಂಬೈನ ಕಾಲ್ಬಾದೇವಿ. ಗೋಕುಲ್ ನಿವಾಸ್ ಎಂಬ ಹಳೆಯ ಕಟ್ಟಡಕ್ಕೆ ಬೆಂಕಿ ಬಿತ್ತು. ಕೆಳಗೆ ಅಂಗಡಿ, ಮೇಲೆ ಮನೆ, ಇಕ್ಕಟ್ಟು ರಸ್ತೆ, ಮರದ ತೊಲೆಗಳು. ಆ ಭಾಗದಲ್ಲಿ ಇಂಥ ಕಟ್ಟಡಗಳಿಗೆ ಲೆಕ್ಕವಿಲ್ಲ. ಅಲ್ಲಿ ಬೆಂಕಿ ಬೀಳುವುದೂ ಮುಂಬೈ ದಳಕ್ಕೆ ಹೊಸದಲ್ಲ. ನಿವಾಸಿಗಳನ್ನು ಹೊರಗೆ ಕಳಿಸಿದ್ದೂ ಆಗಿತ್ತು. ಅಷ್ಟರಲ್ಲಿ ಕಟ್ಟಡ ಕುಸಿಯಿತು. ಮುಖ್ಯ ಅಗ್ನಿಶಾಮಕ ಅಧಿಕಾರಿ ಸುನಿಲ್ ನೇಸರಿಕರ್ ಸೇರಿ ನಾಲ್ವರು ಅಧಿಕಾರಿಗಳನ್ನು ಮುಂಬೈ ಕಳೆದುಕೊಂಡಿತು. ಅವರಲ್ಲಿ ಇಬ್ಬರು ಕೆಲವು ದಿನ ಆಸ್ಪತ್ರೆಯಲ್ಲಿ ಹೋರಾಡಿ ಹೋದರು.

ಈ ಘಟನೆಯನ್ನು ಓದುವಾಗ ನನ್ನನ್ನು ಹಿಡಿದು ನಿಲ್ಲಿಸುವುದು ತೀರಿಕೊಂಡವರ ಹುದ್ದೆಗಳು. ಅವರು ಹೊಸಬರಲ್ಲ, ದಶಕಗಳ ಅನುಭವವಿದ್ದವರು. ಹೀಗಾಗಿ 'ಅನುಭವವಿದ್ದರೆ ಸಾಕು' ಎಂಬ ಸಮಾಧಾನಕ್ಕೆ ಇಲ್ಲಿ ಜಾಗವಿಲ್ಲ. ಕಾಣದ ಅಪಾಯ ಅನುಭವಿಗೂ ಕಾಣುವುದಿಲ್ಲ.

ಕಟ್ಟಡ ಏಕೆ ಕುಸಿಯುತ್ತದೆ? ಮರದ ತೊಲೆ ಸುಟ್ಟು ಸಣ್ಣದಾಗುತ್ತದೆ. ಉಕ್ಕಿನ ತೊಲೆ ಸುಡದಿದ್ದರೂ 550–600 ಡಿಗ್ರಿ ಶಾಖದಲ್ಲಿ ಹೆಚ್ಚುಕಡಿಮೆ ಅರ್ಧ ಬಲ ಕಳೆದುಕೊಳ್ಳುತ್ತದೆ. ಇವೆರಡೂ ಊಹಿಸಬಹುದಾದವು. ನಮಗೆ ಹೊಳೆಯದ ಮೂರನೆಯ ಕಾರಣ ನೀರು. ಒಂದು ಲೀಟರ್ ನೀರು ಎಂದರೆ ಒಂದು ಕಿಲೋ ಭಾರ. ನಿಮಿಷಕ್ಕೆ 500 ಲೀಟರ್ ಸುರಿಯುವ ಒಂದೇ ಒಂದು ಕೊಳವೆ ಹತ್ತು ನಿಮಿಷದಲ್ಲಿ 5 ಟನ್ ಭಾರವನ್ನು ಕಟ್ಟಡಕ್ಕೆ ಸೇರಿಸುತ್ತದೆ. ಅದು ಕೆಳಗೆ ಹರಿದುಹೋದರೆ ಸರಿ. ಒಳಗೆ ಬಟ್ಟೆಯ ಥಾನು, ಕಾಗದದ ಕಟ್ಟು, ರಟ್ಟಿನ ಡಬ್ಬಗಳಿದ್ದರೆ ಅವು ಸ್ಪಂಜಿನಂತೆ ನೀರು ಹೀರಿ ಉಬ್ಬುತ್ತವೆ. ಮೊದಲೇ ಸೋತ ತೊಲೆಯ ಮೇಲೆ ಹೊಸ ಭಾರ ಕೂರುತ್ತದೆ. 2020ರ ದೀಪಾವಳಿಯ ಹೊತ್ತಿನಲ್ಲಿ ಮದುರೈಯಲ್ಲಿ ಬಟ್ಟೆ ಅಂಗಡಿಯಿದ್ದ ಹಳೆಯ ಕಟ್ಟಡವೊಂದಕ್ಕೆ ಬೆಂಕಿ ಬಿದ್ದಾಗಲೂ ಕುಸಿತಕ್ಕೆ ಸಿಕ್ಕಿ ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಸತ್ತರು.

ಹಾಗಾಗಿ ಒಳ್ಳೆಯ ತಂಡದಲ್ಲಿ ಒಬ್ಬರ ಕಣ್ಣು ಬೆಂಕಿಯ ಮೇಲಿದ್ದರೆ ಇನ್ನೊಬ್ಬರ ಕಣ್ಣು ಕಟ್ಟಡದ ಮೇಲಿರುತ್ತದೆ. ಬಿರುಕು ಅಗಲವಾಗುತ್ತಿದೆಯೇ? ಗಿಲಾವು ಉದುರುತ್ತಿದೆಯೇ? ಸ್ವಲ್ಪ ಮುಂಚೆ ತೆರೆಯುತ್ತಿದ್ದ ಬಾಗಿಲು ಈಗ ಬಿಗಿಯಾಗಿದೆಯೇ? ಸುರಿದ ನೀರು ಹೊರಗೆ ಬರುತ್ತಿದೆಯೇ, ಇಲ್ಲ ಮೇಲೆಲ್ಲೋ ನಿಂತಿದೆಯೇ? ಕುಸಿಯುವ ಅನುಮಾನ ಬಂದರೆ ಕಟ್ಟಡದ ಎತ್ತರದ ಒಂದೂವರೆ ಪಟ್ಟು ದೂರ ಸರಿಯಬೇಕು ಎಂಬುದು ಹಲವು ದೇಶಗಳ ದಳಗಳು ಪಾಲಿಸುವ ನಿಯಮ. ಎಂಟು ಅಡಿ ಅಗಲದ ಗಲ್ಲಿಯಲ್ಲಿ ಅಷ್ಟು ದೂರ ಸರಿಯಲು ಜಾಗವಾದರೂ ಎಲ್ಲಿದೆ? ಇದು ನಮ್ಮ ಹಳೆಯ ಪೇಟೆಗಳು ಕೇಳುವ ಪ್ರಶ್ನೆ.

ದೆಹಲಿ: ಗೋದಾಮಿನೊಳಗಿನ ಬ್ಯಾಟರಿ

2020ರ ಜನವರಿ 2ರ ಬೆಳಗಿನ ಜಾವ. ಪಶ್ಚಿಮ ದೆಹಲಿಯ ಪೀರಾಗಢಿಯಲ್ಲಿ ಬ್ಯಾಟರಿ ಕಾರ್ಖಾನೆಯೊಂದಕ್ಕೆ ಬೆಂಕಿ ಬಿದ್ದಿದೆ ಎಂಬ ಕರೆ ಬಂತು. ದಳ ಬಂದು ಕೆಲಸ ಶುರು ಮಾಡಿತು. ಕೆಲ ಗಂಟೆಗಳ ನಂತರ ಒಳಗೆ ಸ್ಫೋಟವಾಗಿ ಕಟ್ಟಡದ ಭಾಗ ಕುಸಿಯಿತು. ಆರಿಸಲು ಹೋದವರೇ ಅವಶೇಷದಡಿ ಸಿಕ್ಕಿಕೊಂಡರು. ಒಬ್ಬ ಯುವ ಸಿಬ್ಬಂದಿ ಬದುಕಿ ಬರಲಿಲ್ಲ.

ಕಾರ್ಖಾನೆಯಲ್ಲವೇ, ನಮಗೇನು ಸಂಬಂಧ ಎನ್ನಬೇಡಿ. ಇಂದು ಬ್ಯಾಟರಿ ಇಲ್ಲದ ಬೇಸ್‌ಮೆಂಟ್ ಯಾವುದಿದೆ? ಎಲೆಕ್ಟ್ರಿಕ್ ಸ್ಕೂಟರ್, ಲಿಫ್ಟಿನ ಯುಪಿಎಸ್, ಮನೆಮನೆಯ ಇನ್ವರ್ಟರ್. ಲಿಥಿಯಂ ಬ್ಯಾಟರಿ ಒಳಗಿಂದ ಕೆಟ್ಟು ಕಾಯಲು ಶುರುವಾದರೆ ಒಂದು ಕೋಶದ ಶಾಖ ಪಕ್ಕದ ಕೋಶಕ್ಕೆ ದಾಟುತ್ತಾ ಹೋಗುತ್ತದೆ. ಹೊರಬರುವ ಹೊಗೆ ವಿಷವೂ ಹೌದು, ಹೊತ್ತಿಕೊಳ್ಳುವಂಥದ್ದೂ ಹೌದು. ಆರಿತು ಎಂದುಕೊಂಡ ಬ್ಯಾಟರಿ ಕೆಲವು ಗಂಟೆಗಳ ನಂತರ ಮತ್ತೆ ಹೊತ್ತಬಹುದು. 2022ರ ಸೆಪ್ಟೆಂಬರ್‌ನಲ್ಲಿ ಸಿಕಂದರಾಬಾದಿನ ಕಟ್ಟಡವೊಂದರಲ್ಲಿ ಕೆಳಗೆ ಎಲೆಕ್ಟ್ರಿಕ್ ಸ್ಕೂಟರ್ ಷೋರೂಮ್, ಮೇಲೆ ವಸತಿಗೃಹ ಇದ್ದವು. ಕೆಳಗಿನ ಬೆಂಕಿಯ ಹೊಗೆ ಮೇಲೇರಿ ಎಂಟು ಜನ ಸತ್ತರು.

ವಿದ್ಯುತ್ತಿನ ಕಥೆಯೂ ಹಾಗೆಯೇ. ಮೇನ್ ಸ್ವಿಚ್ ಆಫ್ ಮಾಡಿದ್ದೇವೆ ಎಂದು ನಾವು ಧೈರ್ಯ ಹೇಳುತ್ತೇವೆ. ಇನ್ವರ್ಟರಿನ ತಂತಿಯಲ್ಲಿ ಕರೆಂಟ್ ಹರಿಯುತ್ತಲೇ ಇರುತ್ತದೆ. ಮೇನ್ ಹೋದದ್ದೇ ಜನರೇಟರ್ ತಾನಾಗಿ ಶುರುವಾಗುತ್ತದೆ. ತಾರಸಿಯ ಸೌರಫಲಕ ಬಿಸಿಲು ಇರುವವರೆಗೆ ವಿದ್ಯುತ್ ತಯಾರಿಸುತ್ತಲೇ ಇರುತ್ತದೆ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ನೀರು ಹಿಡಿದು ನಿಂತವನಿಗೆ ಇವೆಲ್ಲ ಗೊತ್ತಿರಬೇಕು.

ಹೊಸ ಮನೆ, ಕಡಿಮೆ ಸಮಯ

ಇದರ ಜೊತೆಗೆ ನಮ್ಮ ಮನೆಗಳೂ ಬದಲಾಗಿವೆ. ಅಜ್ಜನ ಮನೆಯಲ್ಲಿ ಹತ್ತಿಯ ಹಾಸಿಗೆ, ಗಟ್ಟಿ ಮರದ ಮಂಚ. ಇಂದಿನ ಫ್ಲ್ಯಾಟಿನಲ್ಲಿ ಫೋಮ್ ಸೋಫಾ, ಪಾಲಿಯೆಸ್ಟರ್ ಪರದೆ, ಅಂಟು ಹಾಕಿ ಒತ್ತಿದ ಹಲಗೆಯ ವಾರ್ಡ್‌ರೋಬ್. ಅಮೆರಿಕದ ಯುಎಲ್ ಸಂಸ್ಥೆ ಹಳೆ ಬಗೆಯ ಮತ್ತು ಹೊಸ ಬಗೆಯ ಪೀಠೋಪಕರಣ ತುಂಬಿದ ಎರಡು ಕೋಣೆಗಳಿಗೆ ಬೆಂಕಿಯಿಟ್ಟು ನೋಡಿತ್ತು. ಇಡೀ ಕೋಣೆ ಒಟ್ಟಿಗೆ ಹೊತ್ತಿಕೊಳ್ಳಲು ಹಳೆಯದಕ್ಕೆ ಸುಮಾರು ಅರ್ಧ ಗಂಟೆ ಬೇಕಾಯಿತು. ಹೊಸದು ನಾಲ್ಕು ನಿಮಿಷದೊಳಗೆ ಉರಿದುಹೋಯಿತು. ಇಪ್ಪತ್ತು ವರ್ಷದ ಹಿಂದಿನ ಅಂದಾಜಿನಲ್ಲಿ "ಇನ್ನೂ ಟೈಮ್ ಇದೆ" ಎಂದು ಒಳಗೆ ಹೋಗುವವನ ಲೆಕ್ಕ ಈಗ ಸರಿಹೋಗುವುದಿಲ್ಲ.

ಬೆಂಕಿ ಆರಿದ ಮೇಲಿನ ಹೊತ್ತೂ ನಂಬುವಂಥದ್ದಲ್ಲ. ಜ್ವಾಲೆ ಹೋಗಿ ಬರಿಯ ಕಮಟು ವಾಸನೆ ಉಳಿದಾಗ ದಣಿದವನು ಮುಖವಾಡ ತೆಗೆಯುತ್ತಾನೆ. ಸೆಕೆಯಲ್ಲಿ ಯಾರಾದರೂ ಹಾಗೇ ಮಾಡುತ್ತಾರೆ. ಬೂದಿಯಿಂದ ಏಳುತ್ತಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಇದು ಆ ದಿನದ ಅಪಾಯ. ವರ್ಷಗಟ್ಟಲೆ ಮಸಿ ಮೆತ್ತಿದ ಬಟ್ಟೆಯಲ್ಲಿ ದುಡಿಯುವುದರ ಅಪಾಯ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು.

ಕಣ್ಣು ಹೇಗೆ ಮಂಜಾಗುತ್ತದೆ

1986ರಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ದುರಂತವನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞೆ ಡಯೇನ್ ವಾನ್ ಒಂದು ವಿಚಾರ ಮುಂದಿಟ್ಟರು. ನಿಯಮದಿಂದ ಸ್ವಲ್ಪ ಸರಿದೆವು, ಏನೂ ಆಗಲಿಲ್ಲ. ಇನ್ನೊಮ್ಮೆ ಸರಿದೆವು, ಆಗಲೂ ಏನೂ ಆಗಲಿಲ್ಲ. ಹೀಗೆ ಸರಿಯುವುದೇ ನಿಯಮವಾಗುತ್ತದೆ. ಯಾರಿಗೂ ತಾವು ತಪ್ಪು ಮಾಡುತ್ತಿದ್ದೇವೆ ಎಂದೇ ಅನಿಸುವುದಿಲ್ಲ. ಐಟಿಯಲ್ಲಿರುವವರಿಗೆ ಇದು ಚೆನ್ನಾಗಿ ಗೊತ್ತಿರುವ ದಾರಿ. ಹುಸಿ ಅಲಾರಾಂಗೆ ಹತ್ತು ಸಲ ಹೋಗಿ ಬಂದವರು ಹನ್ನೊಂದನೆಯ ಸಲ ಉಸಿರಾಟದ ಸಿಲಿಂಡರನ್ನು ವಾಹನದಲ್ಲೇ ಬಿಟ್ಟು ಇಳಿಯುವುದೂ ಇದೇ ದಾರಿಯಲ್ಲಿ.

ಇದಕ್ಕೆ ಮದ್ದು ಧೈರ್ಯವಲ್ಲ, ಅಭ್ಯಾಸ. ಎಷ್ಟೇ ಸಣ್ಣ ಕರೆಯಾದರೂ ಕಟ್ಟಡದ ನಾಲ್ಕೂ ಬದಿ ಒಮ್ಮೆ ಸುತ್ತಿ ನೋಡುವುದು, ಒಬ್ಬಂಟಿಯಾಗಿ ಒಳಗೆ ಹೋಗದಿರುವುದು, ಯಾರು ಎಷ್ಟು ಹೊತ್ತಿಗೆ ಒಳಗೆ ಹೋದರು ಎಂದು ಹೊರಗೆ ಒಬ್ಬರು ಬರೆದುಕೊಳ್ಳುವುದು, ಬೆಂಕಿ ಕಾಣದಿದ್ದರೂ ಪೂರ್ತಿ ಕವಚ ತೊಡುವುದು, ವಾಪಸ್ ಬಂದ ಮೇಲೆ "ಇವತ್ತು ಏನು ತಪ್ಪಬಹುದಿತ್ತು" ಎಂದು ಕೂತು ಮಾತಾಡುವುದು. ಕೊನೆಯದು ಬಹಳ ಮುಖ್ಯ. ಏನೂ ಆಗದೆ ಮುಗಿದ ಕರೆಯಿಂದಲೂ ಪಾಠ ಕಲಿಯುವ ತಂಡ ಮುಂದಿನ ಕರೆಗೆ ತಯಾರಾಗಿರುತ್ತದೆ. ಇದೆಲ್ಲಕ್ಕೂ ಬೇಕಾದಷ್ಟು ಜನ, ಸಲಕರಣೆ ಕೊಡುವುದು ಸರ್ಕಾರಗಳ ಹೊಣೆ.

ನಮ್ಮ ಬಳಿ ಇರುವ ಗುಟ್ಟು

ಇಷ್ಟು ಓದಿದ ಮೇಲೆ ಒಂದು ಮಾತು ಗಮನಿಸಿ. ಬೇಕರಿಯೊಳಗೆ ಎಷ್ಟು ಸಿಲಿಂಡರ್ ಇವೆ ಎಂಬುದು ಬೇಕರಿಯವನಿಗೆ ಗೊತ್ತು. ಅಟ್ಟದ ಮೇಲೆ ಎಷ್ಟು ಟನ್ ಮಾಲು ಏರಿಸಿದ್ದೇನೆ ಎಂಬುದು ವ್ಯಾಪಾರಿಗೆ ಗೊತ್ತು. ಬೇಸ್‌ಮೆಂಟಿನಲ್ಲಿ ಯಾರ ಸ್ಕೂಟರ್ ಎಲ್ಲಿ ಚಾರ್ಜ್ ಆಗುತ್ತಿದೆ ಎಂಬುದು ವಾಚ್‌ಮನ್‌ಗೆ ಗೊತ್ತು. ಅಗ್ನಿಶಾಮಕ ಸಿಬ್ಬಂದಿಗೆ ಯಾವುದು ಗುಪ್ತ ಅಪಾಯವೋ ಅದು ನಮಗೆ ದಿನಾ ಕಾಣುವ ಸಾಮಾನು. ನಿಪ್ಪಾಣಿಯ ಆ ಹಿರಿಯರು ಹೊರಡುವಾಗ ಹೇಳಿದ್ದೂ ಇದನ್ನೇ: "ಬೆಂಕಿ ಬಿದ್ದಾಗ ಮಂದಿ ಹೊರಗ ಓಡಿ ಬರಬೇಕು, ಅದು ಖರೇ. ಆದ್ರ ಒಬ್ಬರರ ಗೇಟಿನ್ಯಾಗ ನಿಂತು ಒಳಗ ಏನೇನೈತಿ ಅಂತ ಹೇಳಿದ್ರ ನಮ್ಮ ಅರ್ಧ ಕೆಲಸ ಆದಂಗ."

ನಮ್ಮ ಸೊಸೈಟಿಯಲ್ಲಿ ಆಮೇಲೆ ಒಂದು ಹಾಳೆ ತಯಾರಿಸಿ ಲ್ಯಾಮಿನೇಟ್ ಮಾಡಿಸಿ ಗೇಟಿನ ಕ್ಯಾಬಿನ್‌ನಲ್ಲಿ ತೂಗುಹಾಕಿದೆವು. ನೀವೂ ಒಂದು ಭಾನುವಾರ ಕೂತರೆ ಆಗುವ ಕೆಲಸ. ಅದರಲ್ಲಿ ಇರಬೇಕಾದವು ಇಷ್ಟೇ:

- ಮೇನ್ ಸ್ವಿಚ್, ಜನರೇಟರ್, ಸೌರಫಲಕದ ಸ್ವಿಚ್ ಎಲ್ಲೆಲ್ಲಿವೆ
- ಪೈಪ್ ಗ್ಯಾಸ್ ವಾಲ್ವ್ ಎಲ್ಲಿದೆ, ಸಿಲಿಂಡರ್ ಬಳಸುವ ಮನೆ, ಅಂಗಡಿಗಳು ಯಾವುವು
- ಬ್ಯಾಟರಿ ಚಾರ್ಜ್ ಮಾಡುವ ಜಾಗಗಳು
- ನೆಲಮಹಡಿಯ ಅಂಗಡಿಗಳಲ್ಲಿರುವ ಪೇಂಟ್, ಥಿನ್ನರ್, ರಾಸಾಯನಿಕಗಳು
- ನೀರಿನ ಟ್ಯಾಂಕ್, ಪಂಪ್ ಮನೆ, ಮೆಟ್ಟಿಲು, ಬೀಗದ ಕೈಗಳು
- ಮೆಟ್ಟಿಲಿಳಿಯಲಾಗದ ಹಿರಿಯರು, ರೋಗಿಗಳು ಇರುವ ಮನೆಗಳ ಸಂಖ್ಯೆ

101 ಅಥವಾ 112ಕ್ಕೆ ಫೋನ್ ಮಾಡುವಾಗಲೂ "ಸಣ್ಣ ಬೆಂಕಿ, ಬನ್ನಿ" ಎಂದು ನಾವೇ ತೀರ್ಪು ಕೊಡುವುದು ಬೇಡ. ಏನು ಉರಿಯುತ್ತಿದೆ, ಯಾವ ಮಹಡಿ, ಒಳಗೆ ಯಾರಾದರೂ ಇದ್ದಾರೆಯೇ, ಸಿಲಿಂಡರ್ ಅಥವಾ ಬ್ಯಾಟರಿ ಇದೆಯೇ ಎಂದು ಹೇಳಿ. ದಳ ಬಂದ ಮೇಲೆ ದೂರ ಸರಿದು ನಿಲ್ಲಿ. ಕೊಡುಂಗೈಯೂರಿನಲ್ಲಿ ಸುಟ್ಟವರಲ್ಲಿ ಹೆಚ್ಚಿನವರು ನೋಡಲು ಬಂದು ಹತ್ತಿರ ನಿಂತವರು ಎಂಬುದನ್ನು ಮರೆಯಬಾರದು.

ಪ್ರತಿ ವರ್ಷ ಏಪ್ರಿಲ್ 14ರಂದು ದೇಶ ಅಗ್ನಿಶಾಮಕ ಸೇವಾ ದಿನ ಆಚರಿಸುತ್ತದೆ. 1944ರ ಆ ದಿನ ಮುಂಬೈನ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗಿನಿಂದ ಹೊಗೆ ಏಳುವುದು ಮಧ್ಯಾಹ್ನ ಕಾಣಿಸಿತು. ಕಂಡದ್ದು ಹತ್ತಿಯ ಮೂಟೆಗಳ ಹೊಗೆ. ಅದೇ ಹಡಗಿನಲ್ಲಿ ಸುಮಾರು 1,400 ಟನ್ ಸ್ಫೋಟಕ, ಮದ್ದುಗುಂಡುಗಳೂ ಇದ್ದವು. ನೂರಾರು ಟನ್ ನೀರು ಸುರಿದರೂ ಬೆಂಕಿ ಆರಲಿಲ್ಲ. ಸಂಜೆ 4 ಗಂಟೆ 6 ನಿಮಿಷಕ್ಕೆ ಹಡಗು ಸಿಡಿಯಿತು. ಒಟ್ಟು ನೂರಾರು ಜನ ಸತ್ತ ಆ ದುರಂತದಲ್ಲಿ 66 ಅಗ್ನಿಶಾಮಕ ಸಿಬ್ಬಂದಿಯೂ ಹೋದರು.

ಈ ಸಲ ಆ ದಿನ ಬಂದಾಗ ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿಯುವ ಚಿತ್ರ ಹಾಕಿದರೆ ತಪ್ಪೇನಿಲ್ಲ. ಅದರ ಜೊತೆಗೆ ಒಮ್ಮೆ ಬೇಸ್‌ಮೆಂಟಿಗೆ ಇಳಿದು, ತಾರಸಿಗೆ ಹತ್ತಿ, ಅಲ್ಲಿರುವುದನ್ನೆಲ್ಲ ಆ ಒಂದು ಹಾಳೆಯಲ್ಲಿ ಬರೆದಿಡಿ. ಅದನ್ನು ಓದುವವನು ಯಾರು, ಯಾವ ಊರಿನವನು ಎಂದು ನಮಗೆ ಗೊತ್ತಿರುವುದಿಲ್ಲ. ಅವನ ಮನೆಯಲ್ಲೂ ಯಾರೋ ಅವನಿಗಾಗಿ ಕಾಯುತ್ತಿರುತ್ತಾರೆ.